ನೀರನ್ನು ಕಳೆದ ಮೇಲೆ

ಬೆಳಿಗ್ಗೆ ಮೊದಲ ಕೆಲಸ, ಯಂತ್ರದ ಗಂಟಲಿಗೆ
ದ್ರವ ಸಾರಜನಕ ಹೊಯ್ಯುವುದು.
ತಣ್ಣಗಾಗದ ಕಣ್ಣಿಗೆ ಇಲ್ಲಿ ಏನೂ ಕಾಣುವುದಿಲ್ಲ.
ಆಮೇಲೆ ಉಸಿರು ಬಿಗಿಹಿಡಿದು ಕೂರುತ್ತೇನೆ,
ಯಾಕಂದರೆ ನನ್ನ ಉಸಿರಿನ ತೇವವೂ
ಹಾಳೆಯ ಮೇಲೆ ಮುಳ್ಳುಮುಳ್ಳಾಗಿ ಮೂಡುತ್ತದೆ.

ಇವತ್ತು ಬೆಲ್ಮಿರು. ಪೋವುವಾದ ಬೆಸ್ತ, ನಲವತ್ತೊಂದು.
ಕಣಕಾಲಿನಿಂದ ತೆಗೆದ ನರದ ಚೂರು
ಸಾಸಿವೆ ಸಿಪ್ಪೆಯಷ್ಟು.
ಹೋದ ಜೂನಿನಲ್ಲಿ ಭೂತಾಯಿ ಸುಡುತ್ತಿದ್ದಾಗ
ಉರುಳಿಬಿದ್ದ ಕೆಂಡದ ಮೇಲೆ
ಬರಿಗಾಲಲ್ಲಿ ನಿಂತು ಹರಟುತ್ತಿದ್ದನಂತೆ.
ಮೊದಲು ತಿಳಿದದ್ದು ಮೂಗಿಗೆ:
‘ಮೀನು ಸೀಯ್ತಿದೆ ನೋಡೇ’ ಅಂದನಂತೆ ಹೆಂಡತಿಗೆ.

ಪುಟ್ಟಪಾದದ ಕಾಯಿಲೆ ಅನ್ನುತ್ತಾರೆ ಅವರೂರಲ್ಲಿ,
ಮಗುವಿನ ನೆಗಡಿಗೆ ಹೆಸರಿಟ್ಟಂತೆ, ಮುದ್ದಾಗಿ.

ಹಾಯಿಸುತ್ತೇನೆ ಕಣ್ಣಿಗೆ ಕಾಣದ ಬೆಳಕು,
ಒಲೆಯ ಕಾವಿನ ಜಾತಿಯದು.
ಅವನ ಕಾಲಿಗೆ ತಿಳಿಯದ ಅದೇ ಬಿಸಿಯನ್ನು
ಅವನ ನರದ ಚೂರು ಇಲ್ಲಿ ನುಂಗುತ್ತದೆ,
ನುಂಗಿದ್ದಕ್ಕೆ ಲೆಕ್ಕ ಒಪ್ಪಿಸುತ್ತದೆ.
ಸಾವಿರದ ಆರುನೂರ ಇಪ್ಪತ್ತೈದರ ಆಸುಪಾಸು
ಮಡಿಕೆ ಕೆಟ್ಟ ಪ್ರೋಟೀನು ಭುಜ ಎತ್ತುತ್ತದೆ.
ಆದರೆ ಪಕ್ಕದಲ್ಲೇ ನೀರಿನ ಗದ್ದಲ;
ಮೊದಲು ನೀರನ್ನು ಕಳೆಯಬೇಕು.

ರಕ್ತ ಎಂದೋ ಹೇಳಿಯಾಗಿತ್ತು. ನಮ್ಮದಿನ್ನೂ ಸಂಶೋಧನೆ.
ಆದರೂ ‘ನನಗೆ ತೋರಿಸಿ’ ಎಂದು ಹಟಮಾಡಿ
ಪೋರ್ತೊವರೆಗೆ ಕೋಲೂರಿ ಬಂದ.
‘ನೀರು ಕಳೆದಿರಾ? ಕಳೆದ ಮೇಲೆ
ನಮ್ಮಲ್ಲಿ ಉಳಿಯೋದೇನು ತಂಗಿ?’
ನಗಲೋ ಬೇಡವೋ ತಿಳಿಯದೆ ಹಾಳೆ ಚಾಚಿದೆ.

ಅವರಲ್ಲಿ ಅಕ್ಷರಕ್ಕೆ ಮುಂಚೆ ಗುರುತಿತ್ತು.
ದೋಣಿಗೆ, ಬಲೆಯ ಬೆಂಡಿಗೆ, ಗೋರಿಗೆ
ಚಾಕುವಿನಲ್ಲಿ ಕೊರೆದದ್ದು.
ಹಿರಿಮಗನಿಗೆ ಅಪ್ಪನ ಗುರುತಿನ ಮೇಲೊಂದು ಗೀಟು,
ಎರಡನೆಯವನಿಗೆ ಎರಡು.
ಕಿರಿಯವನಿಗೆ ಗೀಟೇ ಇಲ್ಲ;
ಅಪ್ಪನದೇ, ಇದ್ದ ಹಾಗೇ.

ಬೆಲ್ಮಿರು ಕಿರಿಯವನು.
ಅಣ್ಣಂದಿರಿಬ್ಬರೂ ಈಗಲೂ ಗಟ್ಟಿಗಾಲಲ್ಲಿ ದೋಣಿ ಹತ್ತುತ್ತಾರೆ.

ಏರಿನ ಮೇಲೆ ಬೆರಳಾಡಿಸಿದ, ಆ ಭುಜದ ಹತ್ತಿರ ತಡೆದ.
ಬೆರಳಿಗಿನ್ನೂ ತಿಳಿವಿದೆ.
‘ಇದು ಅಪ್ಪನದು,’ ಅಂದ.
ಯಂತ್ರಕ್ಕೆ ಹೆಸರು ಗೊತ್ತಾಗೋದಿಲ್ಲ ಎಂದೆ.
‘ನನಗೆ ಗೊತ್ತಾಗುತ್ತೆ.’
ನನ್ನ ಪೆನ್ಸಿಲ್ ಇಸಕೊಂಡು ಅಂಚಿನಲ್ಲಿ
ನಾಲ್ಕು ಗೆರೆಯ ಏನನ್ನೋ ಗೀಚಿದ. ಲಂಗರಿರಬಹುದು.
ಆ ಹಾಳೆಯನ್ನು ಕಡತಕ್ಕೆ ಸೇರಿಸುವಂತಿಲ್ಲ.
ಇನ್ನೊಂದು ಪ್ರತಿ ತೆಗೆದೆ.

ಬಾಗಿಲಾಚೆ ಅವನ ಮಗಳು ಇರಿಯಾ, ಹದಿನೇಳು,
ಪರೀಕ್ಷೆ ಬೇಕೋ ಬೇಡವೋ ಇನ್ನೂ ಹೇಳಿಲ್ಲ.
ಯಾರೂ ನೋಡುತ್ತಿಲ್ಲವೆಂದು ಚಪ್ಪಲಿ ಕಳಚಿ
ಒಂದು ಪಾದವನ್ನು ನೆಲದ ಹಂಚಿಗೊತ್ತಿ
ನಿಂತಿದ್ದಳು, ಸುಮಾರು ಹೊತ್ತು.
ಆಮೇಲೆ ಇನ್ನೊಂದನ್ನು.