ಹಾರ್ನಿಲ್ಲದ ದಾರಿ

ನಾಲವಾರದ ಹತ್ರ ಗೇಟು ಬಿದ್ದಿತ್ತು.
ಒಂದು ಗೂಡ್ಸು ಹೋತು. ಗೇಟು ಏಳಲಿಲ್ಲ.
ಮುಳ್ಳು ನಡುವಿನಿಂದ ಎದ್ದು ಕೆಂಪಿನ ಕಡಿ ಹೊಂಟಿತು,
ಕರೀಲಾರದ ಮದುವಿಗಿ ಹೊಂಟವರಂಗ, ಮೆಲ್ಲಕ.

ಬಾಜೂಕ ಸಾಯಬಣ್ಣ ಮಾಮ.
ಈ ಗಾಡಿ ನನಗ ಮಾರಿದಾಂವ.
'ಬೆಣ್ಣಿ ಅದ ಬೆಣ್ಣಿ, ಇಂಜಿನ್ ಅಲ್ಲ' ಅಂದಿದ್ದ.
ಯಾದಗಿರಿ ಬಿಟ್ಟಾಗಿಂದ
ನಾ ಅವನ ಸಂಗಟ ಮಾತಾಡಿದ್ದಿಲ್ಲ.

'ಹೀಟರ್ ಹಚ್ಚು' ಅಂದ.
ಮೇ ತಿಂಗಳು. ನಲವತ್ನಾಲ್ಕು ಡಿಗ್ರಿ.
ಹಾಸುಗಲ್ಲಿನ ಮ್ಯಾಲ ನಾಯಿ ಸೈತ ಕಾಲಿಡಲಾರದ ಹೊತ್ತು.
'ತಲಿ ಕೆಟ್ಟದೇನು ಮಾಮ?'
'ಇಂಜಿನ್ನಿನ ಸೆಕಿ ಯಾರರೆ ತಗೋಬೇಕಲ್ಲ.
ನಾವಿಬ್ರು ಅದೀವಿ.'

ಹಚ್ಚಿದೆ. ಕಿಡಕಿ ಇಳಿಸಿದೆ.
ಒಲಿ ಮುಂದ ಕುಂತಂಗ ಕುಂತಿವಿ.
ಅವನ ಮೀಸಿಯಿಂದ ಬೆವರು ಅಂಗಿ ಗುಂಡೀ ಮ್ಯಾಲ ಬಿತ್ತು.
ಮುಳ್ಳು ಒಂದು ಕೂದಲೆಳಿ ಇಳೀತು.

ವಾಡಿ ಕ್ರಾಸಿನ ಬೇವಿನಗಿಡದ ಬುಡಕ
ಖಯ್ಯೂಮ್ ಮೇಸ್ತ್ರಿ ಬಾನೆಟ್ ಎತ್ತಿದ.
ರೇಡಿಯೇಟರ್ ಮುಚ್ಚಳಕ್ಕ ಕೈ ಹಾಕಿದವಳನ್ನ
ಮಣಿಕಟ್ಟು ಹಿಡದು ಜಗ್ಗಿದ:
'ಸಿಟ್ಟಿನಾಗಿದ್ದಾಗ ಬಾಯಿ ತೆಗಸಬಾರದ್ರಿ ಟೀಚರ್.'

ಬೀಡಿ ಹಚ್ಚಿದ. ಒಂದೇ ಮಾತು ಕೇಳಿದ:
'ಓಡುವಾಗ ಕಾಯ್ತದೋ, ನಿಂತಾಗೋ?'
'ನಿಂತಾಗ.'
'ಓಡೂ ಗಾಡಿಗಿ ಗಾಳಿ ಪುಕ್ಕಟ.
ನಿಂತ ಗಾಡಿಗಿ ಫ್ಯಾನೇ ಗತಿ.'
ಒಂದು ತುಂಡು ವೈರು ಬ್ಯಾಟ್ರಿಯಿಂದ ಫ್ಯಾನಿಗಿ ಮುಟ್ಟಿಸಿದ.
ಗರ್ರ್ ಅಂತು; ಒಣ ಬೇವಿನೆಲಿ ಹಾರಿ
ಮಾಮನ ತಲಿಮ್ಯಾಲ ಕುಂತವು.

'ಫ್ಯಾನ್ ಜೀವಂತ ಅದ. ರಿಲೇ ಸತ್ತದ.'
ಬೆಲ್ಲದ ಹಳಕಿನಷ್ಟು ಒಂದು ಕರೀ ಡಬ್ಬಿ.
'ಹೊಸಾದು ನಾಳಿಗಿ ಬರ್ತದ.
ಹಾರ್ನಿಂದೂ ಇದೇ ಅಳತಿ. ಕಿತ್ತಿ ಇಲ್ಲಿ ಹಾಕ್ಲಿ?'
ನಾ ಮಾಮನ ಮಾರಿ ನೋಡಿದೆ.
ಊರೆಲ್ಲಾ ಅವನ ಹಾರ್ನ್ ಕೇಳೇ ದಾರಿ ಬಿಡ್ತಿತ್ತು.
'ಹಾಕು' ಅಂದ, ನೆಲ ನೋಡಿ.

ಶಹಾಬಾದ್ ದಾಟಿತು. ಮುಳ್ಳು ಏಳಲಿಲ್ಲ.
ಕಲಬುರಗಿ ಬಂತು, ಟಂಟಂ, ಎಮ್ಮಿ, ಜಗತ್ ಸರ್ಕಲ್ಲು.
ಮಾಮ ಅರ್ಧ ಮೈ ಕಿಡಕಿ ಹೊರಗ ಹಾಕಿ:
'ಸರೀರೋ! ಏ ಸೈಕಲ್! ಅವ್ವಾ, ಬುಟ್ಟಿ ಸರಸವ್ವಾ!
ಹಾರ್ನಿಲ್ಲರೋ, ಹಾರ್ನಿಲ್ಲಾ!'
ಒಬ್ಬ ಪೋಲೀಸ ನಕ್ಕ.
ನಾ ನಗಬಾರದಂತ ತುಟಿ ಕಚ್ಚಿದ್ದೆ.
ಸೂಪರ್ ಮಾರ್ಕೆಟಿನಾಗ ಅವನ ದನಿ ಒಡೀತು,
ಆಮ್ಯಾಲ ಬರೇ ಕೈ.

ಮನಿ ಮುಂದ ಚಾವಿ ತಿರುವಿದೆ.
ಇಂಜಿನ್ ನಿಂತಿತು. ಫ್ಯಾನ್ ನಿಲ್ಲಲಿಲ್ಲ.
'ಇಳಿ ಮಾಮ, ಛಾ ಇಡ್ತೀನಿ.'
ಗಂಟಲು ಮುಟ್ಟಿ, ಬಾನೆಟ್ಟಿನ ಕಡಿ ಬೆರಳು ಮಾಡಿದ:
ತಡಿ, ಅದು ನಿಲ್ಲಲಿ.
ಕುಂತಿವಿ.