ಹುಂಜದ ಬಿಲ್ಲೆ

ರಾತ್ರಿ ಹತ್ತೂವರೆ, ಯಶವಂತಪುರ ಡಿಪೋ.
ಬ್ಯಾಗು ಬೋರಲು ಹಾಕಿದಾಗ ಉರುಳಿತು
ಐದು ರೂಪಾಯಿಯ ವೇಷದಲ್ಲಿ ಬಸ್ಸು ಹತ್ತಿದ್ದ
ಒಂದು ಹುಂಜ.

ಕ್ಯಾಷಿನ ಪುಟ್ಟತಾಯಮ್ಮ ಕನ್ನಡಕ ಏರಿಸಿ ನೋಡಿ
ನನ್ನತ್ತಲೇ ತಳ್ಳಿದಳು:
"ಕೋಳಿಗೆಲ್ಲ ಇಲ್ಲಿ ಕಾಲಂ ಇಲ್ಲ ಕಣೇ. ಐದು ಕಟ್ಟು."
ಕಟ್ಟಿದೆ.

ಯಾರು ಕೊಟ್ಟಿದ್ದು? ಮತ್ತಿಕೆರೆಯಲ್ಲಿ
ಮಗು ಎತ್ತಿಕೊಂಡು ಹತ್ತಿದವನೋ,
ಬಿಇಎಲ್ ಸರ್ಕಲ್ಲಿನಲ್ಲಿ ಇಳಿಯುತ್ತ ಇಳಿಯುತ್ತ
ಅಂಗೈಗೆ ಒತ್ತಿ ಹೋದವನೋ.
ಮುಖ ನೆನಪಿಲ್ಲ. ನನಗೆ ಜನ ನೆನಪಿರುತ್ತಿದ್ದದ್ದು
ಟಿಕೆಟಿನ ಬೆನ್ನಿಗೆ ಗೀಚಿಕೊಟ್ಟ ಬಾಕಿಯಿಂದ.
ಈಗ ಅದೂ ಕಮ್ಮಿ. ಹೆಂಗಸರಿಗೆ ಸೊನ್ನೆ ಟಿಕೆಟು,
ಹುಡುಗರಿಗೆ ಕಿಟಕಿಗಂಟಿಸಿದ ಚೌಕುಳಿ ಚಿತ್ರ,
ಟಿಂಗ್ ಅಂದರೆ ಮುಗಿಯಿತು.
ಹೆಗಲ ಮೇಲಿನ ಪಟ್ಟಿಯ ಕಲೆ ಮಾತ್ರ
ಹಳೇ ಭಾರವನ್ನೇ ಹೊತ್ತಿದೆ.

ಭಾನುವಾರ ವಾರದ ರಜೆ. ಚಿಕ್ಕಪೇಟೆಯಲ್ಲಿ
ಮುಚ್ಚಿದ ಶಟರಿನ ಮುಂದೆ ದಸ್ತಗೀರ್ ಸಾಬರು
ಗೋಣಿತಾಟಿನ ಮೇಲೆ ದೇಶಗಳನ್ನು ಹರಡಿ ಕೂತಿದ್ದರು.
ಭೂತಗನ್ನಡಿಯಲ್ಲಿ ಹುಂಜದ ಜುಟ್ಟು ಹುಡುಕಿ ಅಂದರು:
"ತಿಮೋರ್ ಅಂತ ಅಮ್ಮಾ, ಸಣ್ಣ ದೇಶ. ಅಲ್ಲಿ ನೋಟು ಅಮೆರಿಕದ್ದು.
ಸಂಬಳ, ಸಾಲ, ಜಮೀನು, ಎಲ್ಲ ಅದರಲ್ಲೇ.
ಚಿಲ್ಲರೆ ಮಾತ್ರ ಅವರದೇ.
ಒಂದರಲ್ಲಿ ಭತ್ತದ ಪೈರು, ಒಂದರಲ್ಲಿ ದೋಣಿ,
ಇಲ್ಲಿ ನೋಡಿ ಇವನು.
ಲೆಕ್ಕ ಹಾಕಿದರೆ ನಿಮ್ಮ ಐದಕ್ಕಿಂತ ಜಾಸ್ತಿನೇ.
ಕೊಡೋರಿಲ್ಲ, ಅಷ್ಟೆ."

ಇಪ್ಪತ್ತಕ್ಕೆ ಕೇಳಿದರು.
ನಾನೇಕೋ ಮುಷ್ಟಿ ಮುಚ್ಚಿಕೊಂಡೆ.

ಸೋಮವಾರ ಬೆಳಗ್ಗೆ ಮಾನ್ಯತಾ ಟ್ರಿಪ್ಪು,
ಉಸಿರಿಗೂ ಜಾಗವಿಲ್ಲ. ಕಿವಿಗೆ ಬಿಳಿ ಬೀಜ ಸಿಕ್ಕಿಸಿಕೊಂಡು
ದೊಡ್ಡ ದೊಡ್ಡ ಮಾತು ಆಡುತ್ತಿದ್ದಾರೆ ಎಲ್ಲ,
ಲಕ್ಷ, ಕೋಟಿ, ಲೋನು, ಡೆಡ್‌ಲೈನು,
ಒಂದೂ ಇಲ್ಲಿ ಅಚ್ಚಾದದ್ದಲ್ಲ.
ಹೆಬ್ಬಾಳದ ಇಳಿಜಾರಿನಲ್ಲಿ ಡ್ರೈವರ್ ಚಿನ್ನಯ್ಯ
ಗಕ್ಕನೆ ಬ್ರೇಕು ತುಳಿದ.

ಅಯ್ಯೋ.
ಕಾಲು, ಕಾಲು!
ಸ್ವಲ್ಪ ಸರೀರಿ. ಪರವಾಗಿಲ್ಲ, ಹಿಡ್ಕೊಳ್ಳಿ.
ಕಂಬಿಗೆ ಜೋತುಬಿದ್ದ ಆ ಹೊರರಾಜ್ಯದ ಹುಡುಗನೂ
ತನ್ನ ಜೇಬೆಲ್ಲ ತಡಕಿ
"ಸೊಲ್ಪ, ಸೊಲ್ಪ" ಅಂದ, ಸವೆದ ಅಂಚಿನದು,
ಆದರೂ ನಡೆಯಿತು: ಒಬ್ಬಾಕೆ ಸರಿದು ಜಾಗ ಕೊಟ್ಟಳು.

ಬಾಕಿ ಕೊಡುವುದಿತ್ತು ಯಾರಿಗೋ. ಬ್ಯಾಗಿಗೆ ಕೈ ಹಾಕಿದೆ.
ತಳದಲ್ಲಿ ತಣ್ಣಗೆ ತಾಕಿತು ಜುಟ್ಟು.
ಅದೇನೂ ಕೂಗುವುದಿಲ್ಲ.
ನಾನೇ ವಿಷಲ್ ಊದಿದೆ,
ಹಿಂದಿನ ಬಾಗಿಲಿಗೂ ಕೇಳಲೆಂದು ಇನ್ನೊಮ್ಮೆ.