ಹದಿನಾರನೇ ನಂಬರಿನ ನಳಿಗೆ

ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕಿದವನು
ಒಂಟಿ ಬಿದಿರಿನ ಇಪ್ಪತ್ತೆರಡನೇ ಗೆಣ್ಣಿನಿಂದ
ಕೆಳಗೆ ಬಂದ.
ಏಣಿ ಅಲ್ಲೇ ನಿಂತಿತ್ತಂತೆ.

ಸೊಂಟದಿಂದ ಕೆಳಗಿನ ಸುದ್ದಿ ಬೊಳಕನಿಗೆ ಈಗ ಮುಟ್ಟುವುದಿಲ್ಲ.
ಉಚ್ಚೆ ಬಂದದ್ದು ಅವನಿಗಿಂತ ಮೊದಲು ನನಗೆ ಗೊತ್ತು,
ಮಂಚಕ್ಕೆ ತೂಗಿದ ಚೀಲ ನೋಡಿ:
ಬೆಳಗಿನ ಆರಕ್ಕೆ ನಾನೂರು ಮಿಲಿ, ತಿಳಿ.
ಎಂಟನೇ ದಿನ ಮುನ್ನೂರು, ಮೋಡ.
ಒಂಬತ್ತಕ್ಕೆ ನಡುಕ, ನೂರಮೂರು ಜ್ವರ.

ಸಿದ್ದಾಪುರದ ಈ ಆಸ್ಪತ್ರೆಯಲ್ಲಿ ನನಗೆ ಹದಿನೇಳು ವರ್ಷ.
ಎಷ್ಟು ನಳಿಗೆ ಹಾಕಿದೆ, ಎಷ್ಟು ಎಳೆದು ಎಸೆದೆ,
ಒಂದನ್ನೂ ಸೀಳಿ ನೋಡಿದವಳಲ್ಲ.
ಅಂದು ಬ್ಲೇಡು ತಗೊಂಡು ಉದ್ದಕ್ಕೆ ಸೀಳಿದೆ.
ಒಳಗೆ ಲೋಳೆ. ತೆಳ್ಳಗೆ,
ಗ್ಲೌಸಿನ ಬೆರಳಿಗೆ ಸಿಕ್ಕೂ ಸಿಗದ ಹಾಗೆ.

"ತೋರ್ಸಿ ಸಿಸ್ಟರೇ" ಎಂದ. ತೋರಿಸಬಾರದಿತ್ತು.
ನಕ್ಕುಬಿಟ್ಟ: "ಇದಾ!
ಪಲ್ಪರ್ ಮನೆ ಪೈಪಲ್ಲಿ ಇದೇ ಅಲ್ವಾ, ಕಾಫಿ ಹಣ್ಣಿನದ್ದು.
ಮೊದಲ ದಿನ ಬರೀ ನೀರು ಬಿಟ್ಟರೆ ಹೋಗ್ತದೆ.
ಮೂರು ದಿನ ಬಿಟ್ಟು ನೋಡಿ,
ತೆಂಗಿನ ನಾರು ಹಾಕಿ ಉಜ್ಜಿದ್ರೂ ಬಿಡಲ್ಲ."

ಮುಂದಿನ ವಾರ ಮೈಸೂರಿನ ಲ್ಯಾಬಿನಿಂದ
ನಾಪೋಕ್ಲಿನ ಹುಡುಗಿ ರಂಸೀನಾ ಬಂದಳು,
ಪೆಟ್ಟಿಗೆ ತುಂಬ ಹೊಸ ನಳಿಗೆ.
ಒಳಗೂ ಹೊರಗೂ ಬೆಳ್ಳಿಯ ಲೇಪ, ಕೂದಲಿಗಿಂತ ತೆಳು;
ಮುಟ್ಟಿದ ಕ್ರಿಮಿ ಸಾಯುತ್ತದೆ, ಎಂದಳು.

"ಸಿಲ್ವರಿಂದ ಬಿದ್ದೆ, ಈಗ ಸಿಲ್ವರೇ ಒಳಗೆ" ಎಂದ ಬೊಳಕ.
ಆಮೇಲೆ ಕೇಳಿದ:
"ಸತ್ತದ್ದು ಎಲ್ಲಿಗೆ ಹೋಗ್ತದೆ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು.
ಸತ್ತವು ಅಲ್ಲೇ ಹಾಸಿಗೆಯಾಗುತ್ತವೆ,
ಉಳಿದವು ಅದರ ಮೇಲೆ ಮಲಗುತ್ತವೆ.
ನಾಲ್ಕು ವರ್ಷದಿಂದ ಅವಳ ತಲೆನೋವು ಅದೇ.

"ಕೊಲ್ಲೋದು ಯಾಕೆ? ಕೂರಲು ಬಿಡಬೇಡಿ.
ಕೆಸದ ಎಲೆ ಮೇಲೆ ನೀರು ಕೂರ್ತದಾ?"

ಅದನ್ನೂ ಯಾರೋ ಆಗಲೇ ಯೋಚಿಸಿದ್ದಾರೆ ಅಕ್ಕ,
ಎಂದಳು ನನ್ನೊಡನೆ, ಹೊರಗೆ, ಜೀಪು ಹತ್ತುವಾಗ.
ಆದರೂ ಬರೆದುಕೊಂಡಿದ್ದಳು.

ಬೆಳ್ಳಿಯ ನಳಿಗೆ ಹದಿನಾಲ್ಕು ದಿನ ತಿಳಿಯಾಗಿ ಹರಿಯಿತು.
ಹದಿನೈದಕ್ಕೆ ಸ್ವಲ್ಪ ಮೋಡ.
ವರದಿಯಲ್ಲಿ ಎರಡನ್ನೂ ಬರೆದೆ.

ಈಗ ಒಳಗೆ ಯಾವುದನ್ನೂ ಉಳಿಸುವುದಿಲ್ಲ.
ದಿನಕ್ಕೆ ನಾಲ್ಕು ಸಲ ತಾನೇ ಹಾಕಿ, ತಾನೇ ತೆಗೆಯಲು
ಕಲಿಸುತ್ತಿದ್ದೇನೆ.
ಗೆಣ್ಣು ಎಣಿಸಿ ಮರ ಹತ್ತಿದವನು
ಬೆರಳಳತೆ ಎಣಿಸಿ ಒಳಗೆ ಇಳಿಸುತ್ತಾನೆ,
ಮೇಲೆ ಸೂರು ನೋಡುತ್ತ, ತುಟಿ ಕಚ್ಚಿ.
ನೋವಿಗಲ್ಲ. ಅಲ್ಲಿ ನೋವಿಲ್ಲ.

ಅದಕ್ಕೂ ಮೊದಲು ಸೋಪು, ಮೊಣಕೈತನಕ.
ಮುಗಿಯಿತು ಎಂದು ಎರಡೂ ಕೈ ಎತ್ತಿ ಹಿಡಿಯುತ್ತಾನೆ.
ಉಗುರ ಸಂದಿಯಲ್ಲಿ ಮೆಣಸಿನ ಕಪ್ಪು.
ಇನ್ನೊಂದು ಸಲ, ಎನ್ನುತ್ತೇನೆ.